ಮನೆಯ ನೆಟ್ಟಿನ ಕೀಲಿ ಯಾರ ಕೈಯಲ್ಲಿ?

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ರಾತ್ರಿ ಎಂಟರ ಹೊತ್ತು. ಮಾಳಿಗೆಯ ಕೋಣೆಯಲ್ಲಿ ಮಗ ಪುಣೆಯ ಕಂಪನಿಯ ಮೀಟಿಂಗಿಗೆ ಕೂತಿದ್ದಾನೆ. ಮಗಳು ಸಿಇಟಿಗೆ ಓದುತ್ತಿದ್ದಾಳೆ, ಲ್ಯಾಪ್‌ಟಾಪಿನಲ್ಲಿ ಭೌತಶಾಸ್ತ್ರದ ಪಾಠ ನಡೆದಿದೆ. ಪಡಸಾಲೆಯ ಟಿವಿಯಲ್ಲಿ ಕ್ರಿಕೆಟ್, ಅಜ್ಜನ ಮೊಬೈಲಿನಲ್ಲಿ ಪ್ರವಚನ. ಅಷ್ಟರಲ್ಲಿ ಸೊಸೆ ತವರಿನ ಮದುವೆ ಮುಗಿಸಿಕೊಂಡು ಬಂದಳು. ಹೊಸಿಲು ದಾಟಿದ ಕೂಡಲೇ ಅವಳ ಫೋನು ವೈಫೈ ಹಿಡಿದು, ಮದುವೆಯ ಫೋಟೊ, ವಿಡಿಯೊಗಳನ್ನೆಲ್ಲ ತಾನಾಗಿಯೇ ಕ್ಲೌಡ್‌ಗೆ ಏರಿಸತೊಡಗಿತು. ಮಾಳಿಗೆಯಿಂದ ಕೂಗು: "ಯಾರು ನೆಟ್ ಎಳ್ಯಾಕತ್ತೀರಿ? ನನ್ನ ದನಿ ಅವರಿಗೆ ಕೇಳವಲ್ದು!" ಮರುದಿನ ಕೇಬಲಿನವರಿಗೆ ಫೋನ್ ಹೋಗುತ್ತದೆ. ಅತ್ತಲಿಂದ ಬರುವ ಉತ್ತರವೂ ಗೊತ್ತಿದ್ದದ್ದೇ: "ಪ್ಲಾನ್ ಏರಿಸ್ರಿ, ಸರ್."

ಈ ಉತ್ತರ ಬಹಳ ಸಲ ತಪ್ಪು. ಲೆಕ್ಕ ಹಾಕಿ ನೋಡಿ. ಒಳ್ಳೆಯ ಗುಣಮಟ್ಟದ ವಿಡಿಯೊ ಕರೆಗೆ ಎರಡು ಮೂರು ಎಂಬಿಪಿಎಸ್ ಸಾಕು. ಮಗಳ ಪಾಠಕ್ಕೆ ಐದು, ಟಿವಿಯ ಪಂದ್ಯಕ್ಕೆ ಎಂಟು ಎಂದಿಟ್ಟುಕೊಳ್ಳಿ; ಅಜ್ಜನ ಪ್ರವಚನಕ್ಕೆ ಒಂದು ಧಾರಾಳ. ಒಟ್ಟು ಹದಿನೇಳು. ಮನೆಗೆ ಬರುವ ಲೈನು 30 ಎಂಬಿಪಿಎಸ್‌ನದಾದರೂ ಅರ್ಧಕ್ಕೆ ಹತ್ತಿರದಷ್ಟು ಉಳಿಯುತ್ತದೆ. ಹಾಗಿದ್ದೂ ಮೀಟಿಂಗ್ ಮುರಿದುಬಿದ್ದದ್ದಕ್ಕೆ ಕಾರಣ ವೇಗದ ಕೊರತೆಯಲ್ಲ, ಸರತಿ. ಹೊರಗೆ ಕಳಿಸುವ ದಾರಿಯಲ್ಲಿ ಮದುವೆಯ ವಿಡಿಯೊಗಳ ತುಣುಕುಗಳು ಸಾಲುಗಟ್ಟಿ ನಿಂತಿವೆ, ಮಗನ ದನಿಯ ಸಣ್ಣ ಸಣ್ಣ ತುಣುಕುಗಳು ಅವುಗಳ ಹಿಂದೆ ನಿಂತು ಕಾಯುತ್ತಿವೆ.

ರೂಟರು, ಮೋಡೆಮ್ಮುಗಳ ಒಳಗೆ ಹೀಗೆ ಕಾಯುವುದಕ್ಕೆ ಜಾಗ ಇರುತ್ತದೆ, ಅದೇ ಬಫರ್. ಮೆಮೊರಿ ಅಗ್ಗವಾದಂತೆ ತಯಾರಕರು ಈ ಜಾಗವನ್ನು ಹಿಗ್ಗಿಸುತ್ತಾ ಹೋದರು. ಒಂದು ಮೆಗಾಬೈಟ್ ಸರತಿ ತುಂಬಿದೆ, ಕಳಿಸುವ ವೇಗ 2 ಎಂಬಿಪಿಎಸ್ ಇದೆ ಎಂದರೆ ಆ ಸರತಿ ಕರಗಲು ನಾಲ್ಕು ಸೆಕೆಂಡು ಬೇಕು. ಮಾತುಕತೆಯಲ್ಲಿ ಅರ್ಧ ಸೆಕೆಂಡಿನ ತಡವೂ ಸಹಿಸಲಾಗದ್ದು. ಅಮೆರಿಕದ ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯಿಂದಲೇ ದೊಡ್ಡ ಫೈಲುಗಳನ್ನು ಕಳಿಸುತ್ತಿದ್ದಾಗ ಈ ಕಾಯಿಲೆಯ ಬೆನ್ನು ಹತ್ತಿ, ಅದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸರತಿಯನ್ನು ಗಾತ್ರದಿಂದ ಅಳೆಯದೆ, ತುಣುಕು ಒಳಗೆ ಕಾಯ್ದ ಹೊತ್ತಿನಿಂದ ಅಳೆಯುವ 'ಕೋಡೆಲ್' ಎಂಬ ಉಪಾಯ ಕೊಟ್ಟರು. ಅದಕ್ಕೆ ನ್ಯಾಯದ ಹಂಚಿಕೆಯೂ ಕೂಡಿಕೊಂಡು 'ಎಫ್‌ಕ್ಯೂ-ಕೋಡೆಲ್' ಆಯಿತು.

ನ್ಯಾಯದ ಹಂಚಿಕೆ ಎಂದರೇನೆಂದು ತಿಳಿಯಲು ನಮ್ಮ ಕಡೆಯ ಹಿಟ್ಟಿನ ಗಿರಣಿ ಸಾಕು. ಮುಂದೆ ಒಬ್ಬರು ಮೂರು ಚೀಲ ಜೋಳ ತಂದು ನಿಂತಿದ್ದಾರೆ, ಹಿಂದೆ ಒಬ್ಬ ಅಜ್ಜಿ ಎರಡು ಸೇರು ಗೋಧಿ ಹಿಡಿದು ನಿಂತಿದ್ದಾಳೆ. ತಿಳಿವಳಿಕೆಯ ಗಿರಣಿಯವ ಒಂದು ಚೀಲ ಮುಗಿದೊಡನೆ ನಡುವೆ ಅಜ್ಜಿಯದನ್ನು ಬೀಸಿ ಕಳಿಸುತ್ತಾನೆ. ಚೀಲದವರಿಗೆ ಆದ ನಷ್ಟ ಗೊತ್ತೇ ಆಗುವುದಿಲ್ಲ. ಎಫ್‌ಕ್ಯೂ-ಕೋಡೆಲ್ ಸಹ ಪ್ರತಿಯೊಬ್ಬರ ಸಾಲನ್ನು ಬೇರೆ ಮಾಡಿ, ಸಣ್ಣದ್ದನ್ನು ಮೊದಲು ಬಿಡುತ್ತದೆ. ಕೆಲವು ರೂಟರುಗಳ ಸೆಟ್ಟಿಂಗಿನಲ್ಲಿ ಇದು ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಇರುತ್ತದೆ. ಕ್ಯೂಒಎಸ್ ಎಂಬ ಹಳೆಯ ಹೆಸರಿನ ಅಡಿಯಲ್ಲೂ ಕೆಲವು ಕಂಪನಿಗಳು ಇಟ್ಟಿರುತ್ತವೆ. ಹಾಕುವಾಗ ಒಂದು ಎಚ್ಚರ ಬೇಕು: ಲೈನಿನ ವೇಗ 30 ಇದ್ದರೆ ಅಲ್ಲಿ 27 ಎಂದು ಬರೆಯಬೇಕು. ಪೂರ್ತಿ 30 ಬರೆದರೆ ಸರತಿ ಕಂಪನಿಯ ಯಂತ್ರದಲ್ಲಿ ಬೆಳೆಯುತ್ತದೆ, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಸ್ವಲ್ಪ ಬಿಟ್ಟುಕೊಟ್ಟರೆ ಸರತಿ ನಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಅದನ್ನು ನಾವು ಆಳಬಹುದು.

ನನ್ನ ವಾದದ ತಿರುಳು ಇದೇ. ಮನೆಯ ಇಂಟರ್ನೆಟ್ಟಿನಲ್ಲಿ ಎಷ್ಟು ಕೊಂಡೆವು ಎನ್ನುವುದಕ್ಕಿಂತ, ಕೊಂಡದ್ದನ್ನು ಹಂಚುವ ಅಧಿಕಾರ ಯಾರ ಬಳಿ ಇದೆ ಎನ್ನುವುದು ದೊಡ್ಡ ಪ್ರಶ್ನೆ. ಬೆಳಗಾವಿ, ಖಾನಾಪುರದ ಬಹಳಷ್ಟು ಮನೆಗಳಲ್ಲಿ ಆ ಅಧಿಕಾರ ಮನೆಯವರ ಬಳಿ ಇಲ್ಲ. ಡಬ್ಬಿ ಗೋಡೆಯ ಮೇಲೆ ಮಿನುಗುತ್ತಿರುತ್ತದೆ, ಅದರ ಒಳಹೊಕ್ಕುವ ಪಾಸ್‌ವರ್ಡ್ ಮಾತ್ರ ಲೈನ್ ಎಳೆದುಕೊಟ್ಟ ಹುಡುಗನಿಗೋ, ಬೆಂಗಳೂರಿಗೆ ಹೋದ ಮಗನಿಗೋ ಗೊತ್ತು.

ಹಂಚಿಕೊಳ್ಳುವ ಅಭ್ಯಾಸ ನಮಗೆ ಹೊಸದೇನಲ್ಲ. ದೇಶದ ಜನರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ವಿಟಿಯು ಫಲಿತಾಂಶದ ದಿನ ಸೈಬರ್ ಕೆಫೆಗಳ ಮುಂದೆ ಹುಡುಗರು ಮುಗಿಬೀಳುತ್ತಿದ್ದದ್ದು ಆ ತಲೆಮಾರಿಗೆಲ್ಲ ನೆನಪಿದೆ. ಒಂದೇ ಲೈನನ್ನು ಸಾಲು ಕಂಪ್ಯೂಟರುಗಳಿಗೆ ಹಂಚುವುದನ್ನು ನಮ್ಮ ಊರುಗಳು ಕಣ್ಣಾರೆ ಕಂಡದ್ದು ಈ ಕೆಫೆಗಳಲ್ಲೇ. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಈ ಹಂಚಿಕೆಯ ಸೌಲಭ್ಯ ಒಳಗೇ ಇತ್ತು. ಒಂದು ಕಂಪ್ಯೂಟರು ಯಜಮಾನ, ಅದರ ವಿಳಾಸ 192.168.0.1, ಉಳಿದವು ಅದರ ಮೂಲಕ ಹೊರಗೆ ಹೋಗಬೇಕು. ಯಜಮಾನ ಕಂಪ್ಯೂಟರು ಬಂದ್ ಆಯಿತೆಂದರೆ ಎಲ್ಲರ ನೆಟ್ಟೂ ಬಂದ್.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾವನ್ ಬ್ರಾಡ್‌ಬ್ಯಾಂಡ್ ತಂದಿತು. ಆಗ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 256 ಕೆಬಿಪಿಎಸ್ ಸಾಕಾಗಿತ್ತು. ಈ ಕನಿಷ್ಠ ಮಿತಿ 2 ಎಂಬಿಪಿಎಸ್‌ಗೆ ಏರಿದ್ದು 2023ರಲ್ಲಿ. ಹಳೆಯ ಟೆಲಿಫೋನ್ ತಂತಿಯಲ್ಲೇ ಮಾತು ಕೆಳಗಿನ 4 ಕಿಲೋಹರ್ಟ್ಜ್ ಒಳಗೆ, ಡೇಟಾ 25 ಕಿಲೋಹರ್ಟ್ಜ್‌ನಿಂದ ಮೇಲೆ ಓಡುತ್ತಿದ್ದವು. ಫೋನಿನ ಪಕ್ಕ ಜೋತುಬಿದ್ದಿರುತ್ತಿದ್ದ ಸಣ್ಣ ಸ್ಪ್ಲಿಟರ್ ಇವೆರಡನ್ನೂ ಬೇರೆ ಮಾಡುತ್ತಿತ್ತು. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಇಳಿಯುತ್ತಿದ್ದುದರಿಂದ ಪೇಟೆಯ ನಡುವಿನ ಮನೆಗೂ ಊರಾಚೆಯ ಮನೆಗೂ ಒಂದೇ ಬಿಲ್ಲಿಗೆ ಬೇರೆ ಬೇರೆ ಅನುಭವ.

ಹಂಚಿಕೆಗೆ ಬೇಕಾದ ಮೂಲ ಯುಕ್ತಿ ಮಾತ್ರ ಅಂದಿನಿಂದ ಇಂದಿನವರೆಗೂ ಅದೇ. ಇಂಟರ್ನೆಟ್ಟಿನ ಹಳೆಯ ಪದ್ಧತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು, ಜಗತ್ತಿನ ಜನಸಂಖ್ಯೆಗೂ ಸಾಲದಷ್ಟು. ಅದಕ್ಕಾಗಿ 1994ರಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ 'ನ್ಯಾಟ್' ಎಂಬ ಉಪಾಯವನ್ನು ಬರೆದಿಟ್ಟರು. ಹೊರಗೆ ಇಡೀ ಮನೆಗೆ ಒಂದೇ ವಿಳಾಸ, ಒಳಗೆ 192.168ರಿಂದ ಶುರುವಾಗುವ ಖಾಸಗಿ ವಿಳಾಸಗಳು. ಯಾವ ಕಂಪ್ಯೂಟರು ಏನು ಕೇಳಿತು ಎನ್ನುವ ಪಟ್ಟಿಯನ್ನು ರೂಟರು ಇಟ್ಟುಕೊಂಡು, ಉತ್ತರ ಬಂದಾಗ ಸರಿಯಾದವರಿಗೆ ತಲುಪಿಸುತ್ತದೆ. ತಾತ್ಕಾಲಿಕವೆಂದು ಬಂದ ಈ ಏರ್ಪಾಡು ಮೂವತ್ತು ವರ್ಷ ದಾಟಿತು.

ಈಗ ಮನೆಗೆ ಬರುವುದು ಫೈಬರ್. ಇಲ್ಲಿ ಗ್ರಾಹಕರು ತಿಳಿಯಬೇಕಾದದ್ದೊಂದಿದೆ: ಹಂಚಿಕೆ ನಮ್ಮ ಹೊಸಿಲಿಗಿಂತ ಬಹಳ ಮೊದಲೇ ಶುರುವಾಗಿರುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಒಂದು ಎಳೆ ಫೈಬರಿನಲ್ಲಿ ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್ ಬರುತ್ತದೆ. ಅದನ್ನು ಗಾಜಿನ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಒಡೆಯುತ್ತದೆ. 64 ಮನೆಯವರೂ ಒಂದೇ ಗಳಿಗೆಯಲ್ಲಿ ಪೂರ್ತಿ ಎಳೆದರೆ ತಲೆಗೆ ಬರುವುದು 39 ಎಂಬಿಪಿಎಸ್. ನೂರು, ಇನ್ನೂರು ಎಂದು ಮಾರುವುದು ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಎಂಬ ಭರವಸೆಯ ಮೇಲೆ. ಬಹುತೇಕ ಆ ಭರವಸೆ ನಿಜವೇ ಆಗುತ್ತದೆ, ಹಾಗಾಗಿ ಇದನ್ನು ಮೋಸ ಎನ್ನಲಾರೆ. ಆದರೆ ರಾತ್ರಿ ಎಂಟರಿಂದ ಹತ್ತರವರೆಗಿನ ವೇಗ ಬೆಳಗಿನ ಆರರ ವೇಗದಂತೆ ಇರದಿದ್ದರೆ ಕಾರಣ ಎಲ್ಲಿದೆ ಎಂದು ಗೊತ್ತಿರಲಿ.

ವಿಳಾಸವೂ ಹೀಗೆಯೇ ಹೊರಗೆ ಹಂಚಿಹೋಗಿರುತ್ತದೆ. ರೂಟರಿನ ಪುಟದಲ್ಲಿ ನಿಮ್ಮ ಹೊರಗಿನ ವಿಳಾಸ 100.64ರಿಂದ 100.127ರ ಒಳಗಿನ ಅಂಕಿಯಿಂದ ಶುರುವಾಗುತ್ತಿದ್ದರೆ, ಅನೇಕ ಮನೆಗಳ ಜೊತೆ ನೀವು ಒಂದೇ ಸಾರ್ವಜನಿಕ ವಿಳಾಸವನ್ನು ಬಳಸುತ್ತಿದ್ದೀರಿ ಎಂದರ್ಥ. ದಿನದ ಬಳಕೆಗೆ ತೊಂದರೆಯಿಲ್ಲ. ಖಡೇಬಜಾರದ ಅಂಗಡಿಯ ಕ್ಯಾಮೆರಾವನ್ನು ಮನೆಯಿಂದ ನೇರವಾಗಿ ನೋಡಬೇಕೆಂದರೆ ಮಾತ್ರ ಆಗುವುದಿಲ್ಲ. ಕ್ಯಾಮೆರಾ ಕಂಪನಿಯ ಕ್ಲೌಡ್ ಮೂಲಕ ನೋಡಬೇಕು, ಇಲ್ಲವೇ ಕಂಪನಿಯಿಂದ ಬೇರೆ ವಿಳಾಸ ಕೇಳಿ ಪಡೆಯಬೇಕು.

ಬೆಳಗಾವಿಯಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಅಷ್ಟರಲ್ಲೇ ಸಮಸ್ಯೆಯ ರೂಪ ಬದಲಾಗುತ್ತದೆ. ಶಹಾಪುರದ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ನಿಮ್ಮ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದ ಹತ್ತು ಮನೆಗಳ ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಜ್ ಅಲೆಯಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು ಮೂರೇ: 1, 6, 11. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಪಕ್ಕದ ಮನೆಯವರು ಮಾತಾಡುವಾಗ ನೀವು ಕಾಯಬೇಕು, ಅವರೂ ಹಾಗೇ. ಇಲ್ಲಿ 5 ಗಿಗಾಹರ್ಟ್ಜ್‌ಗೆ ಬದಲಾಗುವುದು ಒಳ್ಳೆಯದು, ಏಕೆಂದರೆ ಅದು ಗೋಡೆ ದಾಟಲು ಸೋಲುತ್ತದೆ. ಆ ದೌರ್ಬಲ್ಯವೇ ಕಿಕ್ಕಿರಿದ ಓಣಿಯಲ್ಲಿ ವರ.

ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಯ ಕಡೆ ಹೋದರೆ ಅದೇ ದೌರ್ಬಲ್ಯ ಶಾಪವಾಗುತ್ತದೆ. ಮಲಪ್ರಭೆ ಹುಟ್ಟುವ ಮಳೆಯ ನಾಡು ಅದು. ದಪ್ಪ ಕೆಂಪುಕಲ್ಲಿನ, ಮಣ್ಣಿನ ಗೋಡೆಗಳು ಮಳೆಗಾಲದಲ್ಲಿ ತೇವ ಹೀರಿ ನಿಂತಿರುತ್ತವೆ, ತೇವದ ಗೋಡೆ ಅಲೆಯನ್ನು ಇನ್ನಷ್ಟು ನುಂಗುತ್ತದೆ. ನಡುವೆ ಕಬ್ಬಿಣದ ತಿಜೋರಿಯೋ ತಗಡಿನ ಮರೆಯೋ ಇದ್ದರೆ ಮುಗಿಯಿತು. ಅಂಥ ಮನೆಯಲ್ಲಿ ದುಬಾರಿ ರೂಟರಿಗಿಂತ ಒಂದು ಉದ್ದನೆಯ ಲ್ಯಾನ್ ಕೇಬಲ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಲ್ಯಾನ್ ಕೇಬಲ್ 100 ಮೀಟರಿನವರೆಗೂ ವೇಗ ಕಳೆದುಕೊಳ್ಳದೆ ಒಯ್ಯುತ್ತದೆ; ಪಡಸಾಲೆಯಿಂದ ಹಿತ್ತಿಲ ಕೋಣೆಗೆ ಅಷ್ಟೇನೂ ದೂರವಿರುವುದಿಲ್ಲ. ಜಾಗ ಬದಲಿಸದ ಕಂಪ್ಯೂಟರು, ಟಿವಿ ಇವನ್ನು ಕೇಬಲಿಗೆ ಸಿಕ್ಕಿಸಿದರೆ ವೈಫೈ ಅಲೆ ಓಡಾಡುವ ಫೋನುಗಳಿಗಷ್ಟೇ ಉಳಿಯುತ್ತದೆ. ದೂರದ ಕೋಣೆಗೆ ಎರಡನೆಯ ರೂಟರು ಹಾಕುವುದಿದ್ದರೆ ಅದನ್ನು 'ಆಕ್ಸೆಸ್ ಪಾಯಿಂಟ್' ಮೋಡ್‌ಗೆ ತಿರುಗಿಸಬೇಕು. ಆ ಆಯ್ಕೆ ಇಲ್ಲದಿದ್ದರೆ ಉಪಕರಣಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಬಂದ್ ಮಾಡಿ, ಒಳವಿಳಾಸ ಮೊದಲನೆಯದಕ್ಕಿಂತ ಬೇರೆ ಕೊಟ್ಟು, ಕೇಬಲನ್ನು ಲ್ಯಾನ್ ತೂತಿಗೆ ಸಿಕ್ಕಿಸಬೇಕು. ಹಾಗೆ ಮಾಡದಿದ್ದರೆ ಮನೆಯೊಳಗೆ ಎರಡು ಬೇರೆ ಬೇರೆ ಜಾಲಗಳಾಗಿ, ಕೆಳಗಿನ ಪ್ರಿಂಟರು ಮೇಲಿನ ಕಂಪ್ಯೂಟರಿಗೆ ಕಾಣದೇ ಹೋಗುತ್ತದೆ.

ಕರೆಂಟಿನ ಮಾತು ಬೇರೆಯೇ. ಜೂನ್ ಬಂತೆಂದರೆ ಮರ ಬಿದ್ದು, ಟೊಂಗೆ ತಾಗಿ ಹೆಸ್ಕಾಂ ಲೈನು ಹೋಗುವುದು ಖಾನಾಪುರದ ಕಾಡಂಚಿನ ಊರುಗಳಿಗೆ ಮಾಮೂಲು. ಇಲ್ಲಿ ಫೈಬರಿಗೆ ಒಂದು ದೊಡ್ಡ ಗುಣವಿದೆ. ಜಿಪಾನ್ ದಾರಿಯ ನಡುವೆ ಕರೆಂಟು ಬೇಡುವ ಯಾವ ಯಂತ್ರವೂ ಇಲ್ಲ. ಗಾಜು, ಬೆಳಕು ಅಷ್ಟೇ. ಆಪರೇಟರಿನ ಕೋಣೆಯಲ್ಲೂ ನಿಮ್ಮ ಮನೆಯಲ್ಲೂ ಕರೆಂಟಿದ್ದರೆ ನಡುವಿನ ಹತ್ತು ಊರು ಕತ್ತಲಾಗಿದ್ದರೂ ನೆಟ್ ಓಡುತ್ತದೆ. ಮನೆಯ ಡಬ್ಬಿ ತಿನ್ನುವುದು ಏಳೆಂಟು ವಾಟ್. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್, 8800 ಎಂಎಎಚ್ ಬ್ಯಾಟರಿಯದ್ದಾದರೆ, ಮೂರು ತಾಸಿನಷ್ಟು ಎಳೆಯುತ್ತದೆ. ಆದರೆ ನಿಮ್ಮ ಆಪರೇಟರು ಕಂಬದ ಮೇಲೆ ಸ್ವಿಚ್ ಇಟ್ಟು ಅಲ್ಲಿಂದ ಲ್ಯಾನ್ ಕೇಬಲ್ ಎಳೆದಿದ್ದರೆ ಈ ಗುಣ ಸಿಗುವುದಿಲ್ಲ. ಕಂಬದ ಕರೆಂಟು ಹೋದೊಡನೆ ನಿಮ್ಮ ಯುಪಿಎಸ್ ಬರಿದೇ ಉರಿಯುತ್ತಿರುತ್ತದೆ. ಲೈನ್ ಹಾಕಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಿಂಚಿನ ವಿಷಯದಲ್ಲೂ ಗಾಜಿನ ಎಳೆ ತಾಮ್ರಕ್ಕಿಂತ ಸುರಕ್ಷಿತ: ಸಿಡಿಲಿನ ಹೊಡೆತ ಟೆಲಿಫೋನ್ ತಂತಿಯಲ್ಲಿ ಹರಿದು ಬಂದು ಮೋಡೆಮ್ ಸುಟ್ಟಂತೆ ಫೈಬರಿನಲ್ಲಿ ಬರಲಾರದು, ಅಡಾಪ್ಟರಿನ ಕಡೆಯಿಂದ ಬರಬಹುದಷ್ಟೇ.

ಇನ್ನು ನಿಯಂತ್ರಣ. ಈ ಮಾತು ಬಂದ ಕೂಡಲೇ ಮನೆಯ ಹಿರಿಯರ ಕಣ್ಣು ಮಕ್ಕಳ ಮೇಲೆ ಹೋಗುತ್ತದೆ. ಹೋಗಬೇಕಾದದ್ದೂ ಹೌದು, ಏಳನೆಯ ತರಗತಿಯ ಹುಡುಗ ರಾತ್ರಿ ಒಂದರವರೆಗೆ ಗೇಮ್ ಆಡುತ್ತಿದ್ದರೆ ಸುಮ್ಮನಿರಲಾಗದು. ರೂಟರಿನಲ್ಲಿ ಉಪಕರಣಕ್ಕೆ ತಕ್ಕಂತೆ ಹೊತ್ತು ಗೊತ್ತುಮಾಡಬಹುದು. ಆದರೆ ರೂಟರು ಉಪಕರಣವನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸ ಎಂಬ ಗುರುತಿನ ಸಂಖ್ಯೆಯಿಂದ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ವೈಫೈಗೆ ನಿಜವಾದ ವಿಳಾಸದ ಬದಲು ತಾವೇ ಹುಟ್ಟಿಸಿದ ವಿಳಾಸ ಕೊಡುತ್ತವೆ. ಹುಡುಗ ಜಾಲವನ್ನು ಮರೆತಂತೆ ಮಾಡಿ ಸೆಟ್ಟಿಂಗ್ ತಿರುಗಿಸಿ ಮತ್ತೆ ಸೇರಿದರೆ ರೂಟರಿಗೆ ಅವನು ಹೊಸಬ. ಇದಕ್ಕಿಂತ ಗಟ್ಟಿ ದಾರಿ ಎಂದರೆ ಮಕ್ಕಳ ಉಪಕರಣಗಳಿಗೆ ಬೇರೆ ವೈಫೈ ಹೆಸರು ಕೊಟ್ಟು, ಆ ಜಾಲಕ್ಕೇ ಹೊತ್ತು ಹಾಕುವುದು. ಕೆಟ್ಟ ತಾಣಗಳನ್ನು ತಡೆಯಲು, ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಬಹುದು. ಕ್ಲೌಡ್‌ಫ್ಲೇರ್ 2020ರಲ್ಲಿ ಶುರುಮಾಡಿದ 1.1.1.3 ವಯಸ್ಕರ ತಾಣಗಳ ಹೆಸರನ್ನು ತೆರೆಯಗೊಡುವುದಿಲ್ಲ. ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡವನು ಇದನ್ನೂ ದಾಟುತ್ತಾನೆ, ಮೊಬೈಲ್ ಡೇಟಾ ಇದ್ದವನಿಗೆ ದಾಟುವ ಕಷ್ಟವೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ರೂಟರಿನ ಬೀಗ ಅರ್ಧ ಬೀಗ.

ಆದ್ದರಿಂದಲೇ ಗುಟ್ಟಾಗಿ ಹಾಕುವ ನಿಯಂತ್ರಣದಲ್ಲಿ ನನಗೆ ನಂಬಿಕೆಯಿಲ್ಲ. ಎಲ್ಲರೂ ಕೂತು ಮಾತಾಡಿ, ಇಂಥ ಹೊತ್ತಿಗೆ ಇಂಥದ್ದು ಎಂದು ಗೊತ್ತುಮಾಡಿದ್ದು ನಿಲ್ಲುತ್ತದೆ. ಅಪ್ಪನಿಗೂ ಅದೇ ನಿಯಮ ಇದ್ದರೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ನಿಯಂತ್ರಣದ ಭಾರ ಯಾರ ಮೇಲೆ ಹೆಚ್ಚು ಬೀಳುತ್ತಿದೆ ಎಂದೂ ನೋಡಬೇಕು. ಮಗನಿಗೆ ರೂಟರಿನ ಪಕ್ಕದ ಕೋಣೆ, ಲ್ಯಾಪ್‌ಟಾಪು. ಮಗಳಿಗೆ ಅಡುಗೆಮನೆಯ ಮೂಲೆ, ಅವ್ವನ ಫೋನು. ಹೆಣ್ಣುಮಕ್ಕಳು ರಾತ್ರಿ ನೆಟ್ ಬಳಸಿದರೆ ಅನುಮಾನ, ಗಂಡುಮಕ್ಕಳು ಬಳಸಿದರೆ ಓದು. ಕೋಳಿಕ್ಕೋಡು ಜಿಲ್ಲೆಯ ಕಾಲೇಜೊಂದರ ಹಾಸ್ಟೆಲ್ಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಹುಡುಗಿಯರು ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಪ್ಪದೆ ಹೊರಬೀಳಬೇಕಾದ ವಿದ್ಯಾರ್ಥಿನಿಯೊಬ್ಬಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್, ಇಂಟರ್ನೆಟ್ ಪಡೆಯುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಆರು ತಿಂಗಳೊಳಗೆ ಕೋವಿಡ್ ಬಂತು, ಶಾಲೆಯೇ ಫೋನಿನೊಳಗೆ ಹೊಕ್ಕಿತು. ಆಗ ಮಲೆನಾಡಿನ ಎಷ್ಟೋ ಊರುಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ದಿನ್ನೆ ಹತ್ತಿದರು. ಮನೆಯೊಳಗೆ ಲೈನಿದ್ದೂ ಮಗಳಿಗೆ ಅದು ಸಿಗದಿದ್ದರೆ ಆ ಕೊರತೆಯನ್ನು ಯಾವ ಟವರೂ ತುಂಬಲಾರದು.

ಹೊರಗಿನವರ ವಿಷಯದಲ್ಲಿ ಮಾತ್ರ ಬಿಗಿ ಇರಲೇಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಸ್ವಲ್ಪ ಮೊದಲು ಬಂದ ಬೆದರಿಕೆಯ ಇ-ಮೇಲ್, ನವಿ ಮುಂಬೈಯಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಬಂದು ನಿಂತದ್ದು ಅವರ ಬಾಗಿಲಿಗೆ. ಮರುವರ್ಷ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಗೆ ಸೂಚನೆ ಹೊರಡಿಸಿತು. ಬಂದ ನೆಂಟರಿಗೆ, ಬಾಡಿಗೆಯವರಿಗೆ 'ಗೆಸ್ಟ್' ಜಾಲ ಕೊಡಿ. ಅದು ಅವರಿಗೆ ನೆಟ್ ಕೊಡುತ್ತದೆ, ನಿಮ್ಮ ಕಂಪ್ಯೂಟರು ಪ್ರಿಂಟರುಗಳನ್ನು ತೋರಿಸುವುದಿಲ್ಲ. ಪಕ್ಕದ ಮನೆಗೆ ದುಡ್ಡಿಗೆ ಲೈನ್ ಹಂಚುವುದು ಕಂಪನಿಗಳ ಕರಾರಿಗೆ ವಿರುದ್ಧ. ಅಂಗಡಿಯವರು ವೈಫೈ ಮಾರಬೇಕೆಂದಿದ್ದರೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಇದೆ, ಅದಕ್ಕೆ ಲೈಸೆನ್ಸೂ ಶುಲ್ಕವೂ ಬೇಕಿಲ್ಲ.

ಇದೆಲ್ಲ ಮಾಡಬೇಕೆಂದರೆ ರೂಟರಿನ ಆಡಳಿತ ಪುಟದೊಳಗೆ ಹೋಗಲು ಬರಬೇಕು. ಆಪರೇಟರು ಕೊಟ್ಟ ಡಬ್ಬಿಯ ಪಾಸ್‌ವರ್ಡ್ ಕೇಳಿ. ಕೊಡಲಾಗದೆಂದರೆ ಜಗಳ ಬೇಡ. ಆ ಡಬ್ಬಿಯ ಹಿಂದೆ ನಿಮ್ಮದೇ ಒಂದು ರೂಟರು ಕೂಡಿಸಿ, ಅವರ ಡಬ್ಬಿಯ ವೈಫೈ ಬಂದ್ ಮಾಡಿಸಿ, ಹಂಚಿಕೆಯನ್ನೆಲ್ಲ ನಿಮ್ಮದರಲ್ಲಿ ಇಟ್ಟುಕೊಳ್ಳಿ. ಕೊಳ್ಳುವಾಗ ಎಸ್‌ಕ್ಯೂಎಂ ಇದೆಯೇ, ಓಪನ್‌ಡಬ್ಲ್ಯೂಆರ್‌ಟಿ ಹಾಕಲು ಬರುತ್ತದೆಯೇ ಎಂದು ವಿಚಾರಿಸಿ. ಆ ಮುಕ್ತ ತಂತ್ರಾಂಶ ಹುಟ್ಟಿದ್ದೇ, 2003ರಲ್ಲಿ ಲಿಂಕ್‌ಸಿಸ್ ಕಂಪನಿ ತನ್ನ ರೂಟರಿನ ಒಳಬರಹವನ್ನು ಲೈಸೆನ್ಸಿನ ನಿಯಮಕ್ಕೆ ಬದ್ಧವಾಗಿ ಬಿಡುಗಡೆ ಮಾಡಬೇಕಾಗಿ ಬಂದದ್ದರಿಂದ. ಆಮೇಲೆ ಒಂದು ಹಾಳೆ ತೆಗೆದುಕೊಂಡು ರೂಟರಿನ ವಿಳಾಸ, ಆಡಳಿತದ ಪಾಸ್‌ವರ್ಡ್, ಆಪರೇಟರಿನ ಫೋನ್ ನಂಬರು, ಯಾವ ದೀಪ ಕೆಂಪಾದರೆ ಯಾರಿಗೆ ಹೇಳಬೇಕು ಎಂದು ಕನ್ನಡದಲ್ಲಿ ಬರೆದು ಕಪಾಟಿನಲ್ಲಿಡಿ. ಮಗ ಪುಣೆಗೆ ಹೊರಡುವ ಮೊದಲು ಅವ್ವನನ್ನು ಪಕ್ಕ ಕೂಡಿಸಿಕೊಂಡು, ಅವಳ ಕೈಯಿಂದಲೇ ಒಮ್ಮೆ ಆ ಪುಟ ತೆರೆಸಲಿ, ಒಂದು ಪಾಸ್‌ವರ್ಡ್ ಬದಲಿಸಲಿ.